ಕಣ್ಣು ಹಳದಿಯಾಗುವ ಮೊದಲೇ

ಗುತ್ತಿಗಾರು ಸುತ್ತಲಿನ ಕೃಷಿಕರಿಗೆ ಅಡಿಕೆಯ ಹಳದಿ ಎಲೆ ರೋಗವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಸುಳ್ಯ ತಾಲೂಕಿನ ಎಷ್ಟೋ ತೋಟಗಳನ್ನು ಅದು ದಶಕಗಳಿಂದ ಹಾಳುಗೆಡವುತ್ತ ಬಂದಿದೆ. ಸೋಗೆ ಹಳದಿಯಾಗಿ ಕಣ್ಣಿಗೆ ಬೀಳುವ ಹೊತ್ತಿಗೆ ರೋಗವು ಮರದ ಒಳಹೊಕ್ಕು ಬಹುಕಾಲವಾಗಿರುತ್ತದೆ. ಮರದ ವಿಷಯದಲ್ಲಿ ಇಷ್ಟು ಬಲ್ಲ ನಾವು, ಮನುಷ್ಯನ ವಿಷಯದಲ್ಲಿ ಮಾತ್ರ ಕಣ್ಣು ಹಳದಿಯಾಗುವ ತನಕ, ಹೊಟ್ಟೆಯಲ್ಲಿ ನೀರು ತುಂಬುವ ತನಕ, ಅನ್ನ ಗಂಟಲಿನಿಂದ ಇಳಿಯದಾಗುವ ತನಕ ಕಾಯುತ್ತೇವೆ.

ಬಡವರು ಆಸ್ಪತ್ರೆಗೆ ತಡವಾಗಿ ಬರುವುದು ಅಜ್ಞಾನದಿಂದ ಎಂದು ಹೇಳುವುದು ದೊಡ್ಡವರ ವಾಡಿಕೆ. ಈ ಮಾತು ಅರ್ಧ ಸತ್ಯ. ಉಳಿದರ್ಧ ಸತ್ಯವು ಬಸ್ಸಿನ ಟಿಕೆಟಿನಲ್ಲಿಯೂ ತಪ್ಪಿದ ದಿನಗೂಲಿಯಲ್ಲಿಯೂ ಇದೆ. ಬೆಳಕು ಹರಿಯುವ ಮೊದಲೇ ರಬ್ಬರು ಮರ ಕೆತ್ತಲು ಹೋಗುವವನಿಗೆ, ಅಂಗಡಿಗೆ ತಾನೊಬ್ಬನೇ ದಿಕ್ಕಾದ ವ್ಯಾಪಾರಿಗೆ, ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಸಂಪಾದನೆ ಹೋದಂತೆ. ನೋವಿಲ್ಲದ ಕಾಯಿಲೆಗೆ ಆ ಬೆಲೆಯನ್ನು ಯಾರು ತೆತ್ತಾರು?

ಆದರೆ ನೋವಿಲ್ಲದಿರುವುದೇ ಈ ಕಾಯಿಲೆಗಳ ಮೋಸ. ಯಕೃತ್ತು, ಅಂದರೆ ನಾವೆಲ್ಲ ಲಿವರ್ ಎನ್ನುವ ಅಂಗವು, ಬಲಗಡೆಯ ಪಕ್ಕೆಲುಬಿನ ಕೆಳಗೆ ಸುಮಾರು ಒಂದೂವರೆ ಕಿಲೋ ತೂಗುವ ದುಡಿಮೆಗಾರ. ಅದರ ಬಹುಭಾಗ ಕೆಟ್ಟರೂ ಉಳಿದ ಭಾಗವು ಕೆಲಸ ನಡೆಸುತ್ತದೆ. ಕುಡಿತ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸು, ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಕೊಬ್ಬು, ಇವು ವರ್ಷಗಟ್ಟಲೆ ಅದನ್ನು ಗಟ್ಟಿಯಾಗಿಸುತ್ತವೆ. ಇದನ್ನು ಮೊದಲೇ ಅರಿಯಲು ಭಾರೀ ಯಂತ್ರವೇ ಬೇಕೆಂದಿಲ್ಲ. ರೋಗಿಯ ವಯಸ್ಸು, ರಕ್ತದಲ್ಲಿನ ಎಸ್‌ಜಿಒಟಿ, ಎಸ್‌ಜಿಪಿಟಿ ಮತ್ತು ಪ್ಲೇಟ್‌ಲೆಟ್ ಎಣಿಕೆ, ಈ ನಾಲ್ಕನ್ನು ಲೆಕ್ಕ ಹಾಕಿದರೆ ವೈದ್ಯರಿಗೆ ಸುಳಿವು ಸಿಗುತ್ತದೆ. ಗಟ್ಟಿಯಾದ ಯಕೃತ್ತಿನಲ್ಲಿ ಕ್ಯಾನ್ಸರ್ ಹುಟ್ಟುವ ಭಯವಿರುವುದರಿಂದ ಅಂಥವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ಗೆಡ್ಡೆ ಸಣ್ಣದಿರುವಾಗ ಸಿಕ್ಕಿದರೆ ತೆಗೆಯಬಹುದು. ದೊಡ್ಡದಾದ ಮೇಲೆ ಸಿಕ್ಕಿದರೆ ಮನೆಮಂದಿ ಅಳುವುದೊಂದೇ ಉಳಿಯುತ್ತದೆ.

ಕಾಮಾಲೆಗೆ ಸೊಪ್ಪಿನ ಮದ್ದು ಕೊಡುವವರು ನಮ್ಮ ಊರೂರಲ್ಲಿ ಇದ್ದಾರೆ. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮದ್ದಿಗೆ ಹೋಗುತ್ತದೆ. ಆದರೆ ನೋವಿಲ್ಲದೆ ಏರುತ್ತ ಹೋಗುವ ಕಾಮಾಲೆ, ಬಿಳಿಚಿದ ಮಲ, ಮೈತುರಿಕೆ, ಇಳಿಯುತ್ತಿರುವ ತೂಕ, ಇವು ಪಿತ್ತನಾಳವು ಗೆಡ್ಡೆಯಿಂದಲೋ ಕಲ್ಲಿನಿಂದಲೋ ಕಟ್ಟಿಕೊಂಡಿರುವ ಲಕ್ಷಣ. ಕಟ್ಟಿದ ನಾಳವನ್ನು ಯಾವ ಸೊಪ್ಪೂ ಬಿಡಿಸಲಾರದು. ಅಲ್ಲಿ ಪಥ್ಯದಲ್ಲಿ ಕಳೆದ ಒಂದೊಂದು ವಾರವೂ ಆಯುಷ್ಯದಿಂದ ಕಳೆದದ್ದು.

‘ಗ್ಯಾಸ್ಟ್ರಿಕ್’ ಎಂಬ ಒಂದು ಪದದ ಹಿಂದೆ ಎಷ್ಟು ರೋಗಗಳು ಅಡಗುತ್ತವೆಯೋ! ಕುಚ್ಚಲಕ್ಕಿ ಅನ್ನ ಬಿಟ್ಟು ಗಂಜಿಗೆ, ಗಂಜಿ ಬಿಟ್ಟು ತಿಳಿಗೆ ಇಳಿದವನು ‘ಹಸಿವಿಲ್ಲ’ ಎನ್ನುತ್ತಾನೆ. ಅದು ಅನ್ನನಾಳದ ಕ್ಯಾನ್ಸರ್ ಆಗಿರಬಹುದು. ಮಲದಲ್ಲಿ ರಕ್ತ ಕಂಡವನು ಮೂಲವ್ಯಾಧಿಯೆಂದು ನಾಚಿ ಮುಚ್ಚಿಡುತ್ತಾನೆ. ಅದು ದೊಡ್ಡ ಕರುಳಿನ ಗೆಡ್ಡೆಯಾಗಿರಬಹುದು. ಕಾರಣವಿಲ್ಲದೆ ರಕ್ತ ಕಡಿಮೆಯಾದವನಿಗೆ ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಬಾರದು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಪರೀಕ್ಷೆ ಸುಲಭದ್ದು. ಅನುಮಾನ ಬಂದಲ್ಲಿ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯಿಂದ ಹೊಟ್ಟೆಯ ಒಳಗೋಡೆಯೇ ಕಣ್ಣಿಗೆ ಕಾಣುತ್ತದೆ. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಮಾತ್ರ ಪರೀಕ್ಷೆಯ ದಿನ ಕಾಯಬಾರದು. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಅಡಿಕೆ ಸುಲಿದು, ಹೆಕ್ಕಿ, ಮಾರಿ ಬದುಕುವವರು ನಮ್ಮ ವಾಚಕರಲ್ಲಿ ಬಹಳ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಹೊಗೆಸೊಪ್ಪು ಕೂಡಿಸಿ ಜಗಿದರೆ ಬಾಯಿಗೆ ಮಾತ್ರವಲ್ಲ, ಅನ್ನನಾಳಕ್ಕೂ ಅಪಾಯ. ಹೊಟ್ಟೆಪಾಡಿನ ಹೆಸರಿನಲ್ಲಿ ಇದನ್ನು ಮುಚ್ಚಿಟ್ಟರೆ ನಾವು ಪತ್ರಿಕೆ ನಡೆಸುವುದರಲ್ಲಿ ಅರ್ಥವಿಲ್ಲ. ಕುಡಿತದ ಮಾತೂ ಹಾಗೆಯೇ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಬಾಟಲಿ ಬದಲಾಯಿತು. ಅಬಕಾರಿಯ ಹಣ ಎಣಿಸುವ ಸರಕಾರಕ್ಕೆ ಕುಡಿದವನ ಯಕೃತ್ತಿನ ಪರೀಕ್ಷೆಯ ಹೊಣೆಯೂ ಇದೆ.

ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ, ಸಿ ಪರೀಕ್ಷೆಯೂ ಔಷಧವೂ ಉಚಿತ. ಸಿ ವೈರಸ್ಸಿಗೆ ಸಾಮಾನ್ಯವಾಗಿ ಮೂರು ತಿಂಗಳು ಮಾತ್ರೆ ನುಂಗಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಮಗು ಹುಟ್ಟಿದ 24 ಗಂಟೆಯೊಳಗೆ ಬಿ ಲಸಿಕೆ ಕೊಡುತ್ತಾರೆ. ಆದರೆ ಇಂದು ಮಿಲ್ಲುಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಆ ಏರ್ಪಾಟಿಗೆ ಮೊದಲೇ ಹುಟ್ಟಿದವರು. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಆದರೆ ಆ ನೆರವು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದ ಮೇಲಿನದು. ಮೂವತ್ತು ದಾಟಿದವರ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿವೆ; ಜಠರ, ಕರುಳು, ಯಕೃತ್ತಿನವು ಇಲ್ಲ. ಮಲಗಿದವನಿಗೆ ಲಕ್ಷಗಳಿವೆ, ನಡೆದಾಡುತ್ತಿರುವಾಗಲೇ ರೋಗ ಹಿಡಿಯಲು ನೂರು ರೂಪಾಯಿ ಅವನ ಕಿಸೆಯಿಂದಲೇ ಹೋಗಬೇಕು. ಮಿಲ್ಲಿನ ನೌಕರನಿಗೆ ಇ.ಎಸ್.ಐ. ಕಾರ್ಡಾದರೂ ಇದ್ದೀತು, ಸಣ್ಣ ವ್ಯಾಪಾರಿಗೆ ಅದೂ ಇಲ್ಲ.

ಆದುದರಿಂದ ನಮ್ಮ ಬೇಡಿಕೆ ಮೂರು. ಒಂದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಯಕೃತ್ತಿನ ರಕ್ತಪರೀಕ್ಷೆ ಉಚಿತವಾಗಿ ಆಗಲಿ. ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಗೊತ್ತಾದ ದಿನ ಸ್ಕ್ಯಾನಿಂಗೂ ಎಂಡೋಸ್ಕೋಪಿಯೂ ನಡೆಯಲಿ. ಎರಡು, ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ನುಂಗುವ ಕಷ್ಟ, ಮಲದ ರಕ್ತ, ತೂಕದ ಇಳಿತ, ಇವನ್ನೂ ವಿಚಾರಿಸಿ ಬರೆದುಕೊಳ್ಳಲಿ. ಆ ದುಡಿಮೆಗೆ ತಕ್ಕ ಸಂಬಳ ಅವರಿಗೆ ಸಿಗಲಿ. ಮೂರು, ಪರೀಕ್ಷೆಗೆ ಹೋದ ದಿನದ ಕೂಲಿಯನ್ನು ಧನಿಗಳು ಕಡಿಯದಿರಲಿ.

ವ್ಯಾಪಾರಿ ಮಿತ್ರರಲ್ಲಿಯೂ ಒಂದು ವಿನಂತಿ. ಒಬ್ಬನೇ ಗಿರಾಕಿ ವಾರವಾರವೂ ಗ್ಯಾಸಿನ ಮಾತ್ರೆ ಕೇಳಿ ಬಂದರೆ, ಮಾತ್ರೆಯ ಜೊತೆಗೆ ‘ಡಾಕ್ಟರಿಗೆ ಒಮ್ಮೆ ತೋರಿಸಿ ಮಾರಾಯರೇ’ ಎಂಬ ಮಾತನ್ನೂ ಕೊಡಿ. ಅದಕ್ಕೆ ಬಂಡವಾಳ ಬೇಡ. ಸರಕಾರ ಎಚ್ಚರಗೊಳ್ಳುವ ತನಕ ನಾವು ನಾವೇ ಒಬ್ಬರನ್ನೊಬ್ಬರು ಎಚ್ಚರಿಸೋಣ. ಹಾಗೆಯೇ, ಸರಕಾರವನ್ನು ನಿದ್ರಿಸಲು ಬಿಡದಿರೋಣ.