ಪ್ಯಾಕ್ ಅನ್ನಾಕೂ ಧೈರ್ಯ ಬೇಕ್ರಿ

ಇಸ್ಪೀಟ್ ಸರಣಿ | ಕಂತು 4

ಮೂರೆಲೆ ಆಟದಾಗ ದೊಡ್ಡ ಚಾಲ್ ಬಿದ್ದಾಗ ಎಲೆ ಕೆಳಗಿಟ್ಟವನಿಗೆ ನಮ್ಮ ಶಹಾಪುರ ಕಡೆ ಏನಂತಾರ? "ಹೆದರಿದ ನೋಡ್ರೋ!" ಕೆಟ್ಟ ಎಲೆಯಿಂದ ಹೋದ ರೊಕ್ಕಕ್ಕಿಂತ ಈ ಒಂದು ಮಾತಿನಿಂದ ಹೋದ ರೊಕ್ಕ ಹೆಚ್ಚು. ಇವತ್ತು ನನ್ನ ಜಗಳ ಈ ಮಾತಿನ ಜೋಡಿ.

🔸 ಮೊದಲು ಲೆಕ್ಕ
ನಡುವೆ 2,000 ಬಿದ್ದದ. ಎದುರಿನವ ಇನ್ನೂ 2,000 ಒಗೆದ. ಈಗ ನೀವು 2,000 ಹಾಕಿ ಎಲೆ ತೋರಿಸಿದರೆ ಗೆಲ್ಲೋದು 4,000. ಅಂದ್ರ ಇಂಥ ಮೂರು ಸಲದಾಗ ಒಂದು ಸಲ ಗೆದ್ದರೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಅವ 1,000 ಅಷ್ಟೇ ಹಾಕಿದ್ದರೆ ನಾಲ್ಕರಲ್ಲಿ ಒಂದು ಸಾಕು. 4,000 ಹಾಕಿದರೆ ಐದರಲ್ಲಿ ಎರಡು ಬೇಕು. ಪೋಕರ್ ಇರಲಿ, ತೀನ್ ಪತ್ತಿ ಇರಲಿ, ಲೆಕ್ಕ ಇದೇ. ಮೀಸೆ ತಿರುವಿದ್ರೆ ಇದು ಬದಲಾಗಲ್ಲ.

ಮೂರೆಲೆಯಲ್ಲಿ ಇನ್ನೊಂದು ಪೇಚು ಅದ. ಶೋ ಕೇಳದೆ ಬರೀ ಚಾಲ್ ಹೊಡೆದರೆ ಆಟ ಮುಗಿಯಲ್ಲ, ಮತ್ತ ಹಾಕಬೇಕು. ಹಾಗಾಗಿ ನೀವು ನೋಡಬೇಕಾದ್ದು ಈಗಿನ 2,000 ಅಷ್ಟೇ ಅಲ್ಲ, ಅದರ ಬೆನ್ನಿಗೆ ಬರೋದನ್ನೂ.

🔸 "ನನ್ನ ಹತ್ರ ಜೋಡಿ ಅದ!"
ಮೂರೆಲೆ ಒಟ್ಟು 22,100 ರೀತಿ ಬೀಳಬಹುದು. ಅದರಾಗ 16,440ರಲ್ಲಿ ಜೋಡಿ ಸಹಿತ ಇರಲ್ಲ. ಹೌದು, ನಿಮ್ಮ ಜೋಡಿ ದೊಡ್ಡದೇ. ಆದರೆ ಆ ಲೆಕ್ಕ ಎಲೆ ಹಂಚುವಾಗಿನದು. ನಾಲ್ಕು ಸುತ್ತು ಚಾಲ್ ಆಗಿ, ಬರಿಗೈಯವರೆಲ್ಲ ಎದ್ದು ಹೋದ ಮೇಲೆ ಉಳಿದವನ ಕೈಗೆ ಅದೇ ಲೆಕ್ಕ ಹಚ್ಚಬ್ಯಾಡ್ರಿ.

🔸 "ಇಷ್ಟು ಹಾಕೀನಿ, ಈಗ ಹೆಂಗ ಬಿಡ್ಲಿ?"
ಹಾಕಿದ್ದು ನಿಮ್ಮದಲ್ಲ, ನಡುವಿನದು. ಹತ್ತಿ ಬೆಳೆದವರಿಗೆ ಇದನ್ನ ಹೇಳಿಕೊಡಬೇಕಾ? ಕೆಟ್ಟುಹೋದ ಬೆಳೆಗೆ "ಇಷ್ಟು ಖರ್ಚು ಮಾಡೀವಿ" ಅಂತ ಮತ್ತ ಎಣ್ಣಿ ಹೊಡೆದರೆ ಏನಾಗ್ತದ, ನಿಮಗೇ ಗೊತ್ತು.

🔸 "ಅವ ಸುಳ್ಳೇ ಹಾಕ್ಯಾನ!"
ಇದು ನ್ಯಾಯವಾದ ಮಾತು. 2,000 ಬಿದ್ದಲ್ಲಿ ಅವ 2,000 ಹಾಕಿ, ನೀವು ಎರಡು ಸಲಕ್ಕೊಮ್ಮೆಗಿಂತ ಹೆಚ್ಚು ಎಲೆ ಬಿಟ್ಟರೆ, ಬರಿಗೈಯಲ್ಲೇ ಅವನಿಗೆ ಲಾಭ. ಅದಕ್ಕೇ ಪ್ರತಿ ಸಲ ಪ್ಯಾಕ್ ಅನ್ನೋದೂ ಜಾಣತನ ಅಲ್ಲ. ಆದರೆ ಕೇಳ್ಕೋರಿ: ಸುಳ್ಳೇ ದೊಡ್ಡದು ಹಾಕಾಕ ಯಾರಿಗೆ ಆಗ್ತದ? 2,000 ಹೋದರೂ ನಿದ್ದಿ ಬರೋನಿಗೆ. ನಿಮಗದು ನಾಲ್ಕೈದು ದಿನದ ಕೂಲಿ. ನೋಟು ಒಂದೇ, ಭಾರ ಒಂದೇ ಅಲ್ಲ. ಅವ ಹತ್ತು ಸಲ ಸೋತು ಮತ್ತ ಕೂಡ್ತಾನ. ನೀವು ಎರಡು ಸಲ ಸೋತರೆ ಕಿವಿಯೋಲೆ ಅಡವಿಗೆ ಹೋಗ್ತದ. ಅವನಷ್ಟೇ ಚಂದ ಆಡಿದರೂ ಮೊದಲು ಏಳೋರು ನೀವೇ.

🔸 ಈಗ "ಕೌಶಲ"ದ ಕಥಿ
1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯಲ್ಲಿ ಕೌಶಲವೇ ಮುಖ್ಯ ಅಂದಿತು, ಅದು ಮೂರೆಲೆಯಂತೆ ಪೂರಾ ಅದೃಷ್ಟದ ಆಟ ಅಲ್ಲ ಅಂತಲೂ ಹೇಳಿತು. 2021ರಲ್ಲಿ ನಮ್ಮ ಸರ್ಕಾರ ರೊಕ್ಕದ ಆನ್‌ಲೈನ್ ಆಟ ನಿಷೇಧಿಸಿತು; 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ಕೌಶಲವೋ ಅದೃಷ್ಟವೋ ನೋಡದೆ ರೊಕ್ಕದ ಆನ್‌ಲೈನ್ ಆಟವನ್ನೇ ನಿಷೇಧಿಸಿತು.

ಈ ನಡುವೆ ಬೆಂಗಳೂರು, ಪುಣೆಗೆ ದುಡಿಯಾಕ ಹೋದ ನಮ್ಮ ಹುಡುಗರ ಮೊಬೈಲ್‌ನಾಗ ಆಪ್‌ಗಳು "ಕೌಶಲದ ಆಟ" ಅಂತ ಬಂದವು. ಖರೆ ಕೌಶಲ ಏನಂದ್ರ ಬಿಡೋದು. ಒಂದಾದರೂ ಜಾಹೀರಾತು "ಪ್ಯಾಕ್ ಅನ್ನಿ, ಮಲಗಿ" ಅಂತ ಹೇಳಿದ್ದು ನೋಡೀರಾ? ಹೇಳಲ್ಲ. ನೀವು ಆಡಿದಷ್ಟೂ ಅವರ ಕಮಿಷನ್. ಗೆದ್ದವ ಯಾರಾದರೇನು!

ಕಟ್ಟೆ ಮೇಲೆ ಕೂತು ನಗೋರು ನಾಳೆ ನಿಮ್ಮ ಬಡ್ಡಿ ಕಟ್ಟಲ್ಲ. ದೊಡ್ಡ ಚಾಲ್ ಬಿದ್ದಾಗ ಎದುರಿನವನ ಮುಖ ನೋಡೋಕಿಂತ ಮೊದಲು ಮೂರು ಪ್ರಶ್ನೆ ಕೇಳ್ಕೋರಿ: ಎಷ್ಟಕ್ಕೆ ಎಷ್ಟು? ಇವ ಸುಳ್ಳು ಹಾಕೋನಾ? ಈ ರೊಕ್ಕ ಹೋದರೆ ನಾಳೆ ಮನಿ ನಡೀತದಾ? ಮೂರನೇದಕ್ಕ "ಇಲ್ಲ" ಅಂತ ಬಂದ್ರ ಮೊದಲಿನ ಎರಡಕ್ಕ ಉತ್ತರ ಹುಡುಕಬ್ಯಾಡ್ರಿ. ಎಲೆ ಕೆಳಗಿಟ್ಟು ಎದ್ದು ಬರ್ರಿ.

ನಗುವವರನ್ನ ಕಾಮೆಂಟ್‌ನಾಗ ಟ್ಯಾಗ್ ಮಾಡ್ರಿ. ವಾದ ಇದ್ರ ಬರೀರಿ, ಉತ್ತರ ಕೊಡ್ತೀನಿ.

#ಶಹಾಪುರ #ಯಾದಗಿರಿ #ಇಸ್ಪೀಟ್ #ಕಲ್ಯಾಣಕರ್ನಾಟಕ