ಆವೃತ್ತಿಯನ್ನೂ ಬರೆದಿಡಿರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ವಿದ್ಯಾರ್ಥಿಗಳೂ ಇಂದು ಗಣಕಯಂತ್ರದ ಕ್ರಮವಿಧಿಗಳನ್ನು ತಾವೇ ರಚಿಸುತ್ತಿರುವರು. ಮನೆಯ ಯಂತ್ರದಲ್ಲಿ ಸರಾಗವಾಗಿ ನಡೆದುದು ಕಾಲೇಜಿನ ಯಂತ್ರದಲ್ಲಿ ಜೋಡಣೆಯ ಹಂತದಲ್ಲೇ ನಿಂತುಹೋದರೆ, ದೋಷವು ಬರೆದವನದೇ ಎಂದು ತೀರ್ಮಾನಿಸುವುದು ನ್ಯಾಯವಲ್ಲ.

೨೦೨೩ರ ಸೆಪ್ಟೆಂಬರಿನಲ್ಲಿ ಜಾವಾದ ೨೧ನೆಯ ಆವೃತ್ತಿ ಹೊರಬಂದಿತು. ಕ್ರಮವಿಧಿಯ ಬಿಡಿಭಾಗಗಳನ್ನು ಜೋಡಿಸಿಕೊಡುವ ಗ್ರೇಡಲ್ ಎಂಬ ಸಾಧನವು ಅದರ ಮೇಲೆ ನಡೆಯಲು ಶಕ್ತವಾದುದು ನವೆಂಬರಿನಲ್ಲಿ ಬಂದ ೮.೫ನೆಯ ಆವೃತ್ತಿಯಿಂದ. ಹಳೆಯ ಗ್ರೇಡಲ್, ೬೫ನೆಯ ಸಂಖ್ಯೆಯ ಕಡತವು ತನಗೆ ತಿಳಿಯದೆಂದು ಹೇಳಿ ನಿಲ್ಲುತ್ತದೆ. ಆ ೬೫ ಎಂಬುದು ಜಾವಾ ೨೧ರ ಗುರುತೇ ಹೊರತು ವಿದ್ಯಾರ್ಥಿಯ ತಪ್ಪುಗಳ ಲೆಕ್ಕವಲ್ಲ!

ಎಲ್ಲವನ್ನೂ ಹೊಸದಾಗಿಸಿದರೆ ಸಾಕೆಂದು ಕೆಲವರು ಹೇಳುವರು. ಆದರೆ ಒಂದನ್ನು ಬದಲಿಸಿದಾಗ ಅದನ್ನು ನೆಚ್ಚಿಕೊಂಡ ಮತ್ತೊಂದು ಕೆಡಬಹುದು. ಮೊದಲು ಬೇಕಾದುದು ದಾಖಲೆ. ಏಕಮಾನವಿಲ್ಲದ ಅಳತೆಯನ್ನು ಭೌತಶಾಸ್ತ್ರದ ಪ್ರಯೋಗಶಾಲೆ ಒಪ್ಪುವುದಿಲ್ಲ. ಆವೃತ್ತಿಯನ್ನು ತಿಳಿಸದ ಕ್ರಮವಿಧಿಗೂ ಇದೇ ನಿಯಮವಿರಲಿ. ಗ್ರೇಡಲ್ ವ್ರ್ಯಾಪರ್ ಎಂಬ ಪುಟ್ಟ ಕಡತಗಳು ಗ್ರೇಡಲ್ಲಿನ ಆವೃತ್ತಿಯನ್ನು ಕೆಲಸದ ಜೊತೆಯಲ್ಲೇ ದಾಖಲಿಸಿಡುತ್ತವೆ. ಜಾವಾದ ಆವೃತ್ತಿಯನ್ನು ಪ್ರಯೋಗಪುಸ್ತಕದಲ್ಲಿ ಬರೆಯಲು ಒಂದು ಸಾಲು ಸಾಕು.

ಕಾಲೇಜುಗಳು ಆ ಒಂದು ಸಾಲನ್ನು ಕಡ್ಡಾಯಗೊಳಿಸಬೇಕು. ಆಗ ಯಂತ್ರಗಳ ವೈಮನಸ್ಯಕ್ಕಾಗಿ ವಿದ್ಯಾರ್ಥಿಯು ಅಂಕ ಕಳೆದುಕೊಳ್ಳುವುದು ತಪ್ಪೀತು.