ಜೀಪು ಎತ್ತರಕ್ಕೇರಿತು, ಬ್ರೇಕ್ ಪೈಪು ಗಿಡ್ಡವೇ ಉಳಿಯಿತು

ಕಲಬುರಗಿ ಬಿಸಿಲಿನ ಊರು. ಗುಡ್ಡಗಾಡಿನ ನಮ್ಮ ಈ ಪತ್ರಿಕೆಗೂ ಅಲ್ಲಿನ ಗ್ಯಾರೇಜಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ. ನಮ್ಮ ಬೆಟ್ಟಗಳ ಮೈಯನ್ನು ಗಾಲಿಗಳಿಂದ ಗೀರುವ ವಾಹನಗಳು ಬೆಟ್ಟದಲ್ಲಿ ಹುಟ್ಟುವುದಿಲ್ಲ; ಬಯಲಿನ ನಗರಗಳ ಗ್ಯಾರೇಜುಗಳಲ್ಲಿ ಹುಟ್ಟುತ್ತವೆ.

ಕಳೆದ ಬೇಸಿಗೆಯಲ್ಲಿ ಬಂಧುಗಳ ಮನೆಗೆಂದು ಅಲ್ಲಿಗೆ ಹೋಗಿದ್ದೆ. “ಕಾಕಾ, ಕಮಲಾಪುರಕ್ಕ ಹೋಗಿ ಕೆಂಪು ಬಾಳಿಹಣ್ಣು ತರೂಣು ಬರ್ರಿ” ಎಂದು ಮನೆಯ ಹುಡುಗ ತನ್ನ ಜೀಪಿನಲ್ಲಿ ಕರೆದೊಯ್ದನು. ಜೀಪನ್ನು ನಾಲ್ಕು ಅಂಗುಲ ಎತ್ತರಿಸಲಾಗಿತ್ತು. ದೊಡ್ಡ ಟೈರು, ಮುಂದೆ ವಿಂಚು, ಮೇಲೆ ಸಾಲು ದೀಪ. ಕಮಲಾಪುರದ ಆಚೆ, ಸುಮ್ಮನೆ ತನ್ನ ಗಾಡಿಯ ಶಕ್ತಿ ತೋರಿಸಲೆಂದು, ಕೆಂಪು ಮಣ್ಣಿನ ಒಂದು ಕೊರಕಲಿಗೆ ಇಳಿಸಿದನು. ಹಿಂದಿನ ಒಂದು ಗಾಲಿ ಗಾಳಿಯಲ್ಲಿ ತೂಗಿತು. ಇಳಿದು ಬಗ್ಗಿ ನೋಡಿದೆ. ಚಾಸಿಯಿಂದ ಆ್ಯಕ್ಸಲಿಗೆ ಹೋಗುವ ಬ್ರೇಕ್ ಹೋಸು ಬಿಗಿದ ತಂತಿಯಂತೆ ನಿಂತಿತ್ತು. ಅದರ ಬಾಯಿಯ ಬಳಿ ರಬ್ಬರು ಬಿರುಕು ಬಿಟ್ಟು ಒದ್ದೆಯಾಗಿತ್ತು. ಮೆಲ್ಲಗೆ ಕಲಬುರಗಿಗೆ ಮರಳಿ, ಎತ್ತರಿಸಿಕೊಟ್ಟ ಗ್ಯಾರೇಜಿಗೇ ಹೋಗಿ ತೋರಿಸಿದೆವು. “ಏನೂ ಆಗಂಗಿಲ್ರಿ ಸರ, ಕಂಪನಿ ಪೈಪು ಗಟ್ಟಿ ಇರ್ತದ” ಎಂಬ ಉತ್ತರ ಬಂತು.

ಪೈಪು ಗಟ್ಟಿ ಇರುವುದು ನಿಜ, ಆದರೆ ಕಂಪನಿ ಇಟ್ಟ ಎತ್ತರಕ್ಕೆ. ಸ್ಪ್ರಿಂಗು ಎತ್ತರವಾದಂತೆ ಆ್ಯಕ್ಸಲು ಚಾಸಿಯಿಂದ ದೂರ ಸರಿಯುತ್ತದೆ. ಹೋಸಿನ ಉದ್ದ ಮಾತ್ರ ಹಾಗೆಯೇ ಉಳಿಯುತ್ತದೆ. ಸಮತಟ್ಟು ರಸ್ತೆಯಲ್ಲಿ ಇದು ಕಣ್ಣಿಗೆ ಬೀಳದು. ಗಾಲಿ ಪೂರ್ತಿ ಕೆಳಕ್ಕೆ ಜೋತಾಗ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿದಾಗ ಅಳೆದರೆ ತಿಳಿಯುತ್ತದೆ. ಆ ಅಳತೆಗೆ ತಕ್ಕ, ಉಕ್ಕಿನ ಹೆಣಿಗೆಯುಳ್ಳ ಉದ್ದ ಹೋಸು ಹಾಕಬೇಕು. ಅದು ಟೈರಿಗೆ ಉಜ್ಜದಂತೆ ಕಟ್ಟಬೇಕು. ಕೊನೆಗೆ ಗಾಳಿ ತೆಗೆಯಬೇಕು. ತುಂಡಿಗೆ ತುಂಡು ಜೋಡಿಸಿ ಕ್ಲಿಪ್ಪು ಬಿಗಿಯುವುದು ಆತ್ಮಹತ್ಯೆಗೆ ಸಮ. ವಿಂಚಿಗೂ ದೀಪಗಳಿಗೂ ಸುರಿದ ಹಣದ ಸಣ್ಣ ಪಾಲು ಇದಕ್ಕೆ ಸಾಕಿತ್ತು. ಆದರೆ ಹೋಸು ಫೋಟೋದಲ್ಲಿ ಕಾಣುವುದಿಲ್ಲವಲ್ಲ!

ಹೋಸು ಬದಲಿಸಿದೊಡನೆ ಎಲ್ಲವೂ ಸರಿಯಾಯಿತೆಂದು ತಿಳಿಯಬಾರದು. ದೊಡ್ಡ ಟೈರಿನ ವ್ಯಾಸ ಹೆಚ್ಚಿದಷ್ಟೂ ಅದೇ ಬ್ರೇಕು ನೆಲದ ಮೇಲೆ ಕಡಿಮೆ ಹಿಡಿಯುತ್ತದೆ. ಕೆಲವು ವಾಹನಗಳಲ್ಲಿ ಹಿಂದಿನ ಆ್ಯಕ್ಸಲಿಗೆ ಸರಳಿನಿಂದ ಜೋಡಿಸಿದ ಒಂದು ವಾಲ್ವು ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುತ್ತದೆ. ಗಾಡಿ ಎತ್ತರಿಸಿದರೆ ಅದು ಹೊರೆಯೇ ಇಲ್ಲವೆಂದು ಭ್ರಮಿಸಿ ಹಿಂದಿನ ಬ್ರೇಕನ್ನು ಕುಗ್ಗಿಸುತ್ತದೆ. ಇನ್ನು ಬ್ರೇಕ್ ದ್ರವ ನೀರಿನಂಶವನ್ನು ಹೀರಿಕೊಳ್ಳುವಂಥದು. ಡಾಟ್ 4 ದ್ರವದ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 155. ಉದ್ದನೆಯ ಘಾಟಿ ಇಳಿಯುವಾಗ ಕುದಿದರೆ ಪೆಡಲು ಸುಮ್ಮನೆ ತಳ ಸೇರುತ್ತದೆ.

ಕಾನೂನು ಇಲ್ಲವೆ? ಇದೆ. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ಆದರೂ ಎತ್ತರಿಸಿದ ಜೀಪುಗಳು ಹಾಡಹಗಲೇ ಓಡಾಡುತ್ತವೆ. ಅವುಗಳ ಕೆಳಗೆ ಬಗ್ಗಿ ನೋಡುವವರಿಲ್ಲ.

“ಬ್ರೇಕ್ ಸರಿಪಡಿಸಿಕೊಳ್ಳಿ ಎಂದು ನಾವೇ ಬರೆದರೆ ಈ ಮೋಜಿಗೆ ಪರವಾನಗಿ ಕೊಟ್ಟಂತಾಗದೇ?” ಎಂದು ನಮ್ಮ ಬಳಗದ ಹಿರಿಯರೊಬ್ಬರು ಆಕ್ಷೇಪಿಸಿದರು. ಆ ಮಾತನ್ನು ನಾನು ಒಪ್ಪಲಾರೆ. ಕಮಲಾಪುರದ ರಸ್ತೆಯಲ್ಲಿ ಬಾಳೆಗೊನೆ ಕಟ್ಟಿಕೊಂಡು ಸೈಕಲ್ ಮೋಟಾರಿನಲ್ಲಿ ಬರುವ ರೈತನು ಈ ಮೋಜಿನಲ್ಲಿ ಪಾಲುದಾರನಲ್ಲ. ಹೋಸು ಹರಿದ ದಿನ ಪೆಟ್ಟು ತಿನ್ನುವವನು ಅವನು. ಈಗಾಗಲೇ ಎತ್ತರಿಸಿದ ಗಾಡಿ ಮೂಲ ಎತ್ತರಕ್ಕೆ ಇಳಿಯುವವರೆಗೆ ಅದರ ಬ್ರೇಕು ಹಿಡಿಯಲೇಬೇಕು. ಹೋಸು ಹಾಕದೆ ಎತ್ತರಿಸಿಕೊಡುವ ಗ್ಯಾರೇಜನ್ನು ಹೊಣೆ ಮಾಡಬೇಕು. ಇದರ ಜತೆಯಲ್ಲಿಯೇ, ಒಳ್ಳೆಯ ಬ್ರೇಕು ಕಾಡಿಗೆ ನುಗ್ಗುವ ಹಕ್ಕಲ್ಲವೆಂದೂ ಹೇಳಬೇಕು. ಅದೇ ಜಿಲ್ಲೆಯ ಚಿಂಚೋಳಿಯ ಒಣ ಎಲೆಯುದುರುವ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ತೆಳು ಮಣ್ಣಿನ ಮೇಲೆ ಗಾಲಿ ಕೊರೆದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಕೊಡಚಾದ್ರಿಯ ಜೀಪು ದಾರಿಯನ್ನು ಕಂಡ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಹುಡುಗನು ನಾಲ್ಕೂ ಗಾಲಿಯ ಹೋಸು ಬದಲಿಸಿದನೆಂದು ಫೋನು ಮಾಡಿದ್ದ. ಮಳೆಗಾಲಕ್ಕೆ ಜೀಪು ತೆಗೆದುಕೊಂಡು ನಮ್ಮ ಕಡೆ ಬರುತ್ತಾನಂತೆ. ಬರಲಿ, ಜೀಪನ್ನು ಕೆಳಗೆ ಬಸ್ ನಿಲ್ದಾಣದ ಬಳಿ ಬಿಟ್ಟು ನಡೆದು ಬರಲಿ ಎಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.